‘ಇಲ್ಲ’ ಎನ್ನುವ ಅಧಿಕಾರ ಯಂತ್ರಕ್ಕೆ ಕೊಡಬೇಕಾ?

(ಮಡಿಕೇರಿಯಲ್ಲಿ ಸರ್ಕಾರಿ ಸಿಬ್ಬಂದಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕಂದಾಯ, ಅರಣ್ಯ, ಆಹಾರ, ಪಂಚಾಯಿತಿ, ಹೀಗೆ ಬೇರೆ ಬೇರೆ ಕಚೇರಿಗಳಿಂದ ಈ ಮಳೆಯಲ್ಲೂ ಬಂದಿದ್ದೀರಿ, ಸಂತೋಷ.

ಸರ್ಕಾರಿ ಕಚೇರಿಯಲ್ಲಿ ಎಐ (ಕೃತಕ ಬುದ್ಧಿಮತ್ತೆ) ಹೇಗಿರಬೇಕು ಎಂದು ಹೇಳುವ ಕಾಗದಪತ್ರಗಳಿಗೆ ಈಗ ಬರವಿಲ್ಲ. ನೀತಿ ಆಯೋಗ 2018ರಲ್ಲಿ ರಾಷ್ಟ್ರೀಯ ಕಾರ್ಯತಂತ್ರ ತಂದಿತು, 2021ರಲ್ಲಿ ಜವಾಬ್ದಾರಿಯುತ ಎಐ ತತ್ವಗಳನ್ನು ಹೇಳಿತು. ಓದಿ, ಒಳ್ಳೆಯದೇ. ಆದರೆ ಸೋಮವಾರ ಬೆಳಿಗ್ಗೆ ಕೌಂಟರ್ ಮುಂದೆ ನಿಂತವರಿಗೆ ಏನು ಹೇಳಬೇಕು ಎಂಬುದು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ನಾನು ಒಂದೇ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಅರ್ಜಿಗೆ ‘ಹೌದು’ ಎನ್ನುವುದನ್ನು ಬೇಕಾದರೆ ಯಂತ್ರಕ್ಕೆ ಬಿಡಿ. ‘ಇಲ್ಲ’ ಎನ್ನುವುದಾದರೆ ಒಬ್ಬ ಅಧಿಕಾರಿ ಕಾರಣ ಬರೆದು ಸಹಿ ಹಾಕಬೇಕು.

ಹಾಗಾದರೆ ಅನರ್ಹರು ನುಸುಳುವುದಿಲ್ಲವೇ ಎಂದು ಕೇಳುತ್ತೀರಿ. ನುಸುಳುತ್ತಾರೆ. ಆಮೇಲೆ ತಪಾಸಣೆ ಮಾಡಿ ವಸೂಲು ಮಾಡಬಹುದು. ಆದರೆ ಅರ್ಹರ ರೇಷನ್ ಮೂರು ತಿಂಗಳು ನಿಂತರೆ ಆ ಮೂರು ತಿಂಗಳ ಹಸಿವನ್ನು ಯಾವ ಆಡಿಟ್ ವಾಪಸ್ ಕೊಡುತ್ತದೆ?

ಆಸ್ಟ್ರೇಲಿಯಾದಲ್ಲಿ ಏನಾಯಿತು ನೋಡಿ. ಅಲ್ಲಿ ‘ರೋಬೋಡೆಟ್’ ಎಂದು ಹೆಸರಾದ ಒಂದು ವ್ಯವಸ್ಥೆ ಇತ್ತು. ತೆರಿಗೆ ಇಲಾಖೆಯಲ್ಲಿದ್ದ ವರ್ಷದ ಆದಾಯವನ್ನು ಹದಿನೈದು ದಿನಕ್ಕಿಷ್ಟು ಎಂದು ಸಮನಾಗಿ ಹಂಚಿ, ನೀವು ಸರ್ಕಾರದಿಂದ ಜಾಸ್ತಿ ಸಹಾಯಧನ ಪಡೆದಿದ್ದೀರಿ, ವಾಪಸ್ ಕಟ್ಟಿ ಎಂದು ಜನರಿಗೆ ಪತ್ರ ಹೋಗುತ್ತಿತ್ತು. ಎಐ ಕೂಡ ಅಲ್ಲ, ಸುಮ್ನೆ ಸರಾಸರಿ ಲೆಕ್ಕ! ತಪ್ಪಿಲ್ಲ ಎಂದು ತೋರಿಸುವ ಹೊರೆ ಮಾತ್ರ ಜನರ ಮೇಲೆ. ಕೊನೆಗೆ 2020ರಲ್ಲಿ ಸರ್ಕಾರವೇ ಸುಮಾರು 4.7 ಲಕ್ಷ ಬಾಕಿ ನೋಟಿಸುಗಳ ಹಣ ಹಿಂದಿರುಗಿಸಲು ಒಪ್ಪಿತು. 2023ರಲ್ಲಿ ಇದರ ತನಿಖೆಗೆ ನೇಮಿಸಿದ ರಾಯಲ್ ಕಮಿಷನ್ ಎಂಬ ಆಯೋಗದ ವರದಿ ಬಂತು. ಇದೇ ಲೆಕ್ಕವನ್ನು ನಮ್ಮ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ತನ್ನಿ. ಕಾಫಿ ಕೊಯ್ಲಿನ ಕಾಲದ ಕೂಲಿಯನ್ನು ನೋಡಿ ‘ತಿಂಗಳಿಗೆ ಇಷ್ಟು ಬರುತ್ತದೆ’ ಎಂದು ಯಂತ್ರ ಅಂದುಕೊಂಡರೆ, ಆಟಿ ತಿಂಗಳ ಮಳೆಯಲ್ಲಿ ಕೆಲಸವಿಲ್ಲದೆ ಕೂತವರ ಕಾರ್ಡು ರದ್ದಾಗುತ್ತದೆ, ಅಲ್ವಾ?

ನೆದರ್ಲೆಂಡ್ಸ್‌ನಲ್ಲಿ ಇನ್ನೂ ಕೆಟ್ಟದ್ದಾಯಿತು. ಮಕ್ಕಳ ಪಾಲನೆಯ ಭತ್ಯೆಯಲ್ಲಿ ಮೋಸ ಹುಡುಕಲು ತೆರಿಗೆ ಇಲಾಖೆ ಬಳಸಿದ ಕಂಪ್ಯೂಟರ್ ಮಾದರಿಯಲ್ಲಿ, ಅರ್ಜಿದಾರರು ಆ ದೇಶದ ಪ್ರಜೆಯೋ ಅಲ್ಲವೋ ಎಂಬುದೂ ಅನುಮಾನಕ್ಕೆ ಒಂದು ಅಂಶವಾಗಿತ್ತು. ಸಾವಿರಾರು ಕುಟುಂಬಗಳು ಸಾಲಕ್ಕೆ ಬಿದ್ದವು. 2021ರ ಜನವರಿಯಲ್ಲಿ ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು.

ಈಗ ನಮ್ಮ ಪಹಣಿಗೆ ಬರೋಣ. ಇಲ್ಲಿ ಕೂತಿರುವ ಕಂದಾಯದವರಿಗೆ ಜಮ್ಮಾ ಬಾಣೆ (ಕೊಡಗಿನ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು) ಎಂದರೆ ವಿವರಿಸಬೇಕಿಲ್ಲ, ತಲೆನೋವಿನ ಪರಿಚಯ ಇದ್ದೇ ಇದೆ. ಜಮೀನು ಒಕ್ಕದ್ದು, ಅಂದರೆ ಇಡೀ ಮನೆತನದ್ದು. ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೆದಾರರ, ಅಂದರೆ ಒಕ್ಕದ ಹಿರಿಯರ ಹೆಸರು. ತೋಟ ಮಾಡುತ್ತಿರುವವರು ಮೊಮ್ಮಗನ ಮಗ. ಮನೆ ಹೆಸರು ಆಧಾರ್‌ನಲ್ಲಿ ಪೂರ್ತಿ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮಾತ್ರ. ಬೆಳೆ ನಷ್ಟದ ಪರಿಹಾರಕ್ಕೆ ಹೆಸರು ತಾಳೆ ನೋಡುವ ಸಾಫ್ಟ್‌ವೇರ್ ಹಾಕಿದರೆ ಇವರೆಲ್ಲ ‘ಹೊಂದಿಕೆಯಾಗಿಲ್ಲ’ ಎಂಬ ಪಟ್ಟಿಗೆ ಸೇರುತ್ತಾರೆ. ಬಯಲುಸೀಮೆಯಲ್ಲಿ ಪರೀಕ್ಷೆ ಮಾಡಿ ಚೆನ್ನಾಗಿದೆ ಎಂದು ಸರ್ಟಿಫಿಕೇಟ್ ಪಡೆದ ವ್ಯವಸ್ಥೆಯೇ ಇಲ್ಲಿ ಎಡವುತ್ತದೆ. ಹಾಗಾಗಿ ಟೆಂಡರ್ ಕರೆಯುವಾಗಲೇ ಒಂದು ಷರತ್ತು ಹಾಕಿ: ಕೊಡಗಿನ ಹಳೇ ಅರ್ಜಿಗಳ ಮೇಲೆ, ಅದರಲ್ಲೂ ಜಮ್ಮಾ ಕಡತಗಳ ಮೇಲೆ ಓಡಿಸಿ ತೋರಿಸದೆ ಬಿಲ್ ಪಾಸಾಗುವುದಿಲ್ಲ. ಬುಡಕಟ್ಟು ಜನರ ಹಾಡಿಗಳಿಂದ ಬಂದ ಅರ್ಜಿಗಳ ಫಲಿತಾಂಶವನ್ನು ಬೇರೆಯಾಗಿಯೇ ಕೇಳಿ. ಒಟ್ಟು ಸರಾಸರಿಯಲ್ಲಿ ಜೇನುಕುರುಬರ, ಯರವರ ಕಷ್ಟ ಕಾಣುವುದೇ ಇಲ್ಲ.

ಎಲ್ಲ ಎಐಗೂ ಇಷ್ಟು ಬಿಗಿ ಬೇಕಾಗಿಲ್ಲ. ತೋಟದಂಚಿನಲ್ಲಿ ಆನೆ ಬಂತೆಂದು ಕ್ಯಾಮೆರಾ ಗುರುತಿಸಿ ಮೊಬೈಲಿಗೆ ಸಂದೇಶ ಕಳಿಸುತ್ತದೆ ಎಂದುಕೊಳ್ಳಿ. ಕೆಲವು ಸಲ ಎಮ್ಮೆಯನ್ನು ಆನೆ ಎಂದರೂ ಪರವಾಗಿಲ್ಲ. ದಿನಾ ಹಾಗೇ ಆದರೆ ಮಾತ್ರ ಜನ ಸಂದೇಶ ನೋಡುವುದನ್ನೇ ಬಿಡುತ್ತಾರೆ, ಅದೂ ಅಪಾಯವೇ. ಕೆನಡಾ ಸರ್ಕಾರ ಇದನ್ನು ಚೆನ್ನಾಗಿ ಮಾಡಿದೆ. 2019ರ ಅವರ ನಿರ್ದೇಶನದ ಪ್ರಕಾರ ಪ್ರತಿ ಸ್ವಯಂಚಾಲಿತ ವ್ಯವಸ್ಥೆಯ ಪರಿಣಾಮವನ್ನು ಮೊದಲೇ ಅಳೆದು ನಾಲ್ಕು ಹಂತಗಳಲ್ಲಿ ಒಂದಕ್ಕೆ ಸೇರಿಸಬೇಕು. ಹಂತ ಮೇಲೇರಿದಂತೆ ಮನುಷ್ಯರ ಪಾತ್ರವೂ, ವಿವರಣೆಯೂ ಹೆಚ್ಚಬೇಕು. ನಾವು ನಾಲ್ಕು ಮಾಡಬೇಕಿಲ್ಲ, ಎರಡು ಸಾಕು: ಯಾರ ಹಕ್ಕನ್ನೂ ಮುಟ್ಟದವು, ಮುಟ್ಟುವವು.

ಕಾನೂನಿನ ಬಲ ಎಲ್ಲಿದೆ ಎಂದು ಕೇಳಬಹುದು. ಹೊಸ ಕಾಯ್ದೆಗೆ ಕಾಯಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4(1)(ಡಿ) ಓದಿ. ಆಡಳಿತದ ತೀರ್ಮಾನಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕು ಎಂದು ಅಲ್ಲಿದೆ. ‘ಸಿಸ್ಟಮ್ ತಗೊಳ್ತಾ ಇಲ್ಲ’ ಎಂಬುದು ಕಾರಣವಲ್ಲ. ಅದನ್ನು ನಾವೆಲ್ಲ ಕೌಂಟರ್‌ನ ಆಚೆ ನಿಂತು ಕೇಳಿಸಿಕೊಂಡವರೇ. ಅರ್ಜಿ ತಿರಸ್ಕಾರವಾದರೆ ಹಿಂಬರಹ, ಅಂದರೆ ಲಿಖಿತ ಉತ್ತರ ಕೊಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಯಂತ್ರ ಬಂದ ಮೇಲೂ ಅದೇ ಇರಲಿ: ಯಾವ ದಾಖಲೆ ಹೊಂದಲಿಲ್ಲ, ಸರಿಪಡಿಸಲು ಯಾರ ಹತ್ತಿರ ಹೋಗಬೇಕು, ಸಹಿ ಯಾರದು. ಮಾರಾಟಗಾರರು ‘ನಮ್ಮ ಮಾದರಿ ಕಾರಣ ಹೇಳುವುದಿಲ್ಲ’ ಎಂದರೆ, ಹಕ್ಕು ಮುಟ್ಟುವ ಕೆಲಸಕ್ಕೆ ಅದನ್ನು ಕೊಳ್ಳಬೇಡಿ.

ಇನ್ನೊಂದು ವಿಷಯ ಬೇಗ ಹೇಳಿಬಿಡುತ್ತೇನೆ. ಪತ್ರ ಬರೆಯಲು, ಇಂಗ್ಲಿಷ್ ಸುತ್ತೋಲೆ ಅನುವಾದಿಸಲು ಹಲವರು ಮೊಬೈಲಿನ ಉಚಿತ ಚಾಟ್‌ಬಾಟ್ ಬಳಸುತ್ತಿದ್ದೀರಿ. ಬಳಸಬೇಡಿ ಎಂದರೆ ಕದ್ದು ಬಳಸುತ್ತೀರಿ, ಅಷ್ಟೇ. ಆದರೆ ಆಧಾರ್ ನಂಬರ್, ಕಾಯಿಲೆಯ ವಿವರ, ಕುಟುಂಬದ ಜಗಳದ ಅರ್ಜಿ ಅದರೊಳಗೆ ಹಾಕಲೇಬೇಡಿ. ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ನಂಥವನ್ನು ಬಳಸಬಾರದೆಂದು ಸೂಚಿಸಿದ್ದು ಗೋಪ್ಯ ಮಾಹಿತಿ ಹೊರಹೋಗುವ ಭಯದಿಂದಲೇ.

ಕಾರ್ಯತಂತ್ರ ಎಂದು ದಪ್ಪ ಪುಸ್ತಕ ಬರೆಸುವ ಮೊದಲು ನಿಮ್ಮ ಕಚೇರಿಯಲ್ಲಿ ಒಂದು ಹಾಳೆ ಸಿದ್ಧಮಾಡಿ. ಈಗಾಗಲೇ ಯಾವ ಯಾವ ಸಾಫ್ಟ್‌ವೇರ್ ತಾನಾಗಿ ತೀರ್ಮಾನ ಕೊಡುತ್ತಿದೆ, ಅದು ಯಾರ ಹಕ್ಕನ್ನು ಮುಟ್ಟುತ್ತದೆ, ಅದಕ್ಕೆ ಹೊಣೆ ಯಾವ ಅಧಿಕಾರಿ. ಹೊಣೆಯ ಕಾಲಂ ಖಾಲಿ ಉಳಿದ ಸಾಲುಗಳನ್ನು ಇವತ್ತಿನ ಚರ್ಚೆಗೆ ತೆಗೆದುಕೊಳ್ಳೋಣ. ಆಹಾರ ಇಲಾಖೆಯವರಿಂದಲೇ ಶುರು ಮಾಡೋಣ.