ಕಾಯಿಲೆ ಕುದುರೆಗೆ ಮೊದಲು ಹುಲ್ಲು

ರೇಡಿಯೋ ಕೇಳುಗರೆಲ್ಲರಿಗೂ ನಮಸ್ಕಾರ.

ಚಿಂತಾಮಣಿ, ಶಿಡ್ಲಘಟ್ಟ, ಕೋಲಾರ, ಮುಳಬಾಗಿಲು ಕಡೆ ಮದುವೆ ಮೆರವಣಿಗೆಗೆ ಕುದುರೆ ಬಾಡಿಗೆಗೆ ಕೊಡುವವರು ಇದ್ದೀರಿ. ಗಾಡಿಗೆ ಕಟ್ಟುವವರು ಕಡಿಮೆಯಾಗಿದ್ದೀರಿ, ಆದರೂ ಇದ್ದೀರಿ. ನಂದಿ ಬೆಟ್ಟದ ಆಸುಪಾಸು ತೋಟದ ಮನೆ ಮಾಡಿ, ರೇಸ್ ಬಿಟ್ಟ ಕುದುರೆ ತಂದು ಕಟ್ಟಿಕೊಂಡವರೂ ಇರಬಹುದು. ಇವತ್ತಿನ ಮಾತು ನಿಮ್ಮ ಜೊತೆ. ಹಸು ಸಾಕುವವರೂ ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಇದನ್ನು ಹಸುವಿಗೆ ಮಾಡಲು ಹೋಗಬೇಡಿ. ಹಸು ಬೇರೆ, ಕುದುರೆ ಬೇರೆ.

ವಾಸಿಯಾಗದೆ ಉಳಿದುಬಿಡುವ ಕಾಯಿಲೆ ಕುದುರೆಗೆ ಕೆಲವು ಇವೆ. ಮುಖ್ಯವಾದದ್ದು ಗೊರಸಿನ ಉರಿಯೂತ, ನಾವು ಪಶುವೈದ್ಯರು ಲ್ಯಾಮಿನೈಟಿಸ್ ಅನ್ನುತ್ತೇವೆ. ಆಮೇಲೆ ದೂಳಿನ ಕೆಮ್ಮು. ಹಲ್ಲು ಸವೆದ ಮುದಿ ಕುದುರೆಯ ಸೊರಗು. ಇಂಥ ಕುದುರೆ ಕಟ್ಟಿಕೊಂಡವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಡಾಕ್ಟ್ರೇ, ಶಕ್ತಿಗೆ ಏನು ಕೊಡಲಿ?" ಹುಲ್ಲು ಕೊಡಿ ಅನ್ನುತ್ತೇನೆ. "ಹುಲ್ಲು ಸರಿ ಸಾರ್, ಅದರ ಜೊತೆಗೆ?" ಹುಲ್ಲು. ಅಲ್ಲಿಗೆ ಮುಖ ಸಣ್ಣದಾಗುತ್ತದೆ. ಚೀಟಿಯಲ್ಲಿ ಟಾನಿಕ್ ಬರೆದುಕೊಟ್ಟಿದ್ದರೆ ಖುಷಿಯಾಗಿ ಹೋಗುತ್ತಿದ್ದರು.

ಕಾರಣ ಹೇಳುತ್ತೇನೆ. ಕುದುರೆಯ ಹೊಟ್ಟೆ ಆ ಮೈಗೆ ಬಹಳ ಸಣ್ಣದು, 8ರಿಂದ 15 ಲೀಟರ್ ಅಷ್ಟೆ. ತಿಂದರೂ ತಿನ್ನದಿದ್ದರೂ ಅದರಲ್ಲಿ ಹುಳಿ ಊರುತ್ತಲೇ ಇರುತ್ತದೆ. ಆ ಹುಳಿಯನ್ನು ತಣಿಸುವುದು ಜೊಲ್ಲು. ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಒಂದು ಕಿಲೋ ಒಣಹುಲ್ಲಿಗೆ ಕುದುರೆ ಸುಮಾರು 3000 ಸಲ ಅಗಿಯುತ್ತದೆ. ಅದೇ ಒಂದು ಕಿಲೋ ಕಾಳಿಗೆ 1000ದ ಆಸುಪಾಸು. ಕಾಳು ಜಾಸ್ತಿಯಾದರೆ ಅದರ ಪಿಷ್ಟ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ವಿಷ ರಕ್ತಕ್ಕೆ ಸೇರುತ್ತದೆ. ಕೊಬ್ಬಿದ ಕುದುರೆಯಲ್ಲಿ ಇನ್ಸುಲಿನ್ ಏರಿದರೂ ಅಷ್ಟೆ. ಏಟು ಬೀಳುವುದು ಗೊರಸಿಗೆ. ತಿಂದದ್ದು ಬಾಯಿಂದ, ಕುಂಟಿದ್ದು ಕಾಲು. ಇದನ್ನು ನಂಬಿಸುವುದೇ ನನ್ನ ಅರ್ಧ ಕೆಲಸ.

ಚಿಂತಾಮಣಿ ಕಡೆಯ ಒಂದು ಮನೆ ಕತೆ ಹೇಳಲೇಬೇಕು. ಮದುವೆಗೆ ಹೋಗುವ ಬಿಳಿ ಹೆಣ್ಣು ಕುದುರೆ, ಹೆಸರು ಚಾಂದಿನಿ. ಪ್ರತಿ ಮದುವೆ ಸೀಸನ್ ಮುಗಿದ ಮೇಲೆ ಕುಂಟುತ್ತಿತ್ತು. ಮುಂಗಾಲು ಮುಂದೆ ಚಾಚಿ, ಭಾರವನ್ನೆಲ್ಲ ಹಿಂಗಾಲ ಮೇಲೆ ಹಾಕಿ ನಿಲ್ಲುತ್ತಿತ್ತು. ಗೊರಸಿನ ಮೇಲೆ ಬಳೆಬಳೆಯಾಗಿ ಗೆರೆ. ಕತ್ತಿನ ಮೇಲೆ ಕೊಬ್ಬಿನ ದಿಂಡು. ನೋಡಿದ ಕೂಡಲೇ ಗೊತ್ತಾಗುವ ಕಾಯಿಲೆ. ಏನು ಹಾಕುತ್ತೀರಿ ಅಂತ ಯಜಮಾನರನ್ನು ಕೇಳಿದೆ. "ಏನಿಲ್ಲ ಸಾರ್, ಬೆಳಿಗ್ಗೆ ಒಂದು ಹಿಡಿ ಹುರುಳಿ, ಆಮೇಲೆ ಹುಲ್ಲು" ಅಂದರು. ಒಂದು ಹಿಡಿ ಹುರುಳಿಗೆ ಆ ದಿಂಡು ಬರುವುದಿಲ್ಲ.

ನಾನು ಒಂದು ಖಾಲಿ ಬಕೆಟ್ ಕೊಟ್ಟೆ. ನಾಳೆ ಒಂದು ದಿನ, ಕುದುರೆಗೆ ಹುಲ್ಲು ನೀರು ಬಿಟ್ಟು ಯಾರು ಏನು ಕೊಡಬೇಕು ಅಂದುಕೊಂಡರೂ ಅದರ ಬಾಯಿಗೆ ಹಾಕಬೇಡಿ, ಇದರಲ್ಲಿ ಹಾಕಿ ಅಂದೆ. ಸಂಜೆ ಹೋದರೆ ಬಕೆಟ್ ತುಂಬಿ, ಪಕ್ಕದಲ್ಲಿ ಒಂದು ಪಾತ್ರೆಯೂ ತುಂಬಿತ್ತು! ಅಂಗಳದಲ್ಲಿ ಗೋಣಿಚೀಲ ಹಾಸಿ ಸುರಿದೆವು. ಯಜಮಾನರ ಬೇಯಿಸಿದ ಹುರುಳಿ. ಮಗ ಶಾಲೆಯಿಂದ ಬಂದ ಮೇಲೆ ಕಲಸುವ ಗೋಧಿ ಬೂಸಾ, ಅದಕ್ಕೆ ಬೆಲ್ಲದ ನೀರು. ಸೊಸೆ ಹಾಕುವ ಮಿಕ್ಕ ಚಪಾತಿ. ಪಕ್ಕದ ಬೇಕರಿಯವರ ಹಳೇ ಬನ್ನು. ಹಿಂದಿನ ರಾತ್ರಿ ಛತ್ರದಿಂದ ತಂದ ಹೋಳಿಗೆ. ಎಲ್ಲದರ ಮೇಲೆ ಅಜ್ಜಿಯ ಎರಡು ಅಚ್ಚು ಬೆಲ್ಲ. ಒಬ್ಬರು ಕೊಡುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ಯಜಮಾನರು ಆ ರಾಶಿ ನೋಡಿ ಮಾತೇ ಆಡಲಿಲ್ಲ. ಅಜ್ಜಿ ಮಾತ್ರ, "ಮೂಕ ಪ್ರಾಣಿ ಡಾಕ್ಟ್ರೇ, ಒಂದು ಚೂರು ಬೆಲ್ಲಕ್ಕೆ ಏನಾಗುತ್ತೆ?" ಅಂತ ನನ್ನ ಮೇಲೇ ಬಂದರು. ಕುಂಟುತ್ತಮ್ಮ ಅಂದೆ. ಸುಮ್ಮನಾದರು.

ರಾಶಿಯಲ್ಲಿದ್ದದ್ದು ಪೂರ್ತಿ ಬಂದ್. ಕುದುರೆ ಸುಮಾರು 300 ಕಿಲೋ. ಮೈ ತೂಕದ ನೂರಕ್ಕೆ ಒಂದೂವರೆ ಪಾಲು ಅಂದರೆ ದಿನಕ್ಕೆ ನಾಲ್ಕೂವರೆ ಕಿಲೋ ಒಣಹುಲ್ಲು. ಸೊರಗಿದ ಕುದುರೆಯಾಗಿದ್ದರೆ ಆರು ಕಿಲೋ ಹೇಳುತ್ತಿದ್ದೆ. ಒಣಗಿಸಿದ ಗರಿಕೆ ಅರ್ಧ, ರಾಗಿ ಹುಲ್ಲು ಅರ್ಧ. ಗರಿಕೆಯನ್ನು ಒಂದು ಗಂಟೆ ತಣ್ಣೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಹಾಕಬೇಕು. ಹುಲ್ಲಿನ ಸಕ್ಕರೆ ಒಂದಷ್ಟು ನೀರಿಗೆ ಇಳಿದು ಹೋಗುತ್ತದೆ. ಆ ನೀರನ್ನು ಕುದುರೆಗೇ ಕುಡಿಸಿದವರೂ ಇದ್ದಾರೆ, ಏನು ಹೇಳಲಿ. ಒಂದೇ ಸಲ ಸುರಿಯದೆ ದಿನಕ್ಕೆ ನಾಲ್ಕೈದು ಸಲ ಹಂಚಿ ಹಾಕಬೇಕು. ಮೇಲೆ ಒಂದು ಹಿಡಿ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್ ಮೇವು. 30 ಗ್ರಾಂ ಉಪ್ಪು. ನೀರು ಯಾವಾಗಲೂ ಎದುರಿಗೆ.

"ಬರೀ ಹುಲ್ಲು ಹಾಕಿದರೆ ಬೀದಿಯವರು ನನ್ನ ಜಿಪುಣ ಅಂತಾರೆ ಸಾರ್" ಅಂದರು ಯಜಮಾನರು. ಅನ್ನಲಿ ಬಿಡಿ. ಲಾಳ ಕಟ್ಟುವವರನ್ನು ಕರೆಸಿ ಗೊರಸು ಸರಿಯಾಗಿ ಕತ್ತರಿಸಿದ್ದಾಯಿತು, ನೋವಿಗೆ ಔಷಧಿ ಕೊಟ್ಟಿದ್ದಾಯಿತು. ಉಳಿದದ್ದು ತಾಳ್ಮೆ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲ. ಮೇಲಿಂದ ಕೆಳಗೆ ಹೊಸ ಗೊರಸು ಬರಲು ಹತ್ತಿರ ಹತ್ತಿರ ಒಂದು ವರ್ಷ. ಅಷ್ಟು ದಿನ ಆ ಮನೆಯವರು ಬಾಯಿ ಕಟ್ಟಿದರು. ಕುದುರೆಯದ್ದಲ್ಲ, ತಮ್ಮ ಕೈಯದ್ದು. ಕಾಯಿಲೆ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಚಾಂದಿನಿ ನಾಲ್ಕೂ ಕಾಲು ನೆಟ್ಟಗೆ ಊರಿ ನಿಲ್ಲುತ್ತದೆ. ಸಣ್ಣ ಮೆರವಣಿಗೆಗೂ ಹೋಗುತ್ತದೆ. ಛತ್ರದಲ್ಲಿ ಯಾರಾದರೂ ಲಾಡು ಹಿಡಿದು ಬಂದರೆ ಯಜಮಾನರ ಮಗ ಅಡ್ಡ ನಿಲ್ಲುತ್ತಾನೆ.

ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಕುದುರೆ ದಪ್ಪಗಿದೆ ಅಂತ ಉಪವಾಸ ಕೆಡವಬೇಡಿ. ಮೈಕೊಬ್ಬು ಕರಗಿ ರಕ್ತಕ್ಕೆ ನುಗ್ಗುತ್ತದೆ, ಲಿವರ್ ಹೋಗುತ್ತದೆ. ತಟ್ಟುಗಳಲ್ಲಿ, ಅಂದರೆ ಗಿಡ್ಡ ಕುದುರೆಗಳಲ್ಲಿ, ಕತ್ತೆಗಳಲ್ಲಿ ಇದು ಇನ್ನೂ ಜಾಸ್ತಿ. ಹುಲ್ಲು ಹಾಕಿ. ಎಲುಬು ಕಾಣುವಷ್ಟು ಸೊರಗಿದ ಕುದುರೆ ಮನೆಗೆ ಬಂದರೆ ಪಾಪ ಅಂತ ಬಕೆಟ್ ಹುರುಳಿ ಇಡಬೇಡಿ, ಸತ್ತೇಹೋಗಬಹುದು. ಕುದುರೆ ಮಸಾಲೆ ಸೊಪ್ಪನ್ನು ಸ್ವಲ್ಪ ಸ್ವಲ್ಪವೇ ದಿನಕ್ಕೆ ಆರು ಸಲ ಕೊಡಿ. ಕೆಮ್ಮುವ ಕುದುರೆಗೆ ಹುಲ್ಲು ನೀರಲ್ಲಿ ಅದ್ದಿ ನೆಲದ ಮೇಲೆ ಹಾಕಿ, ದೂಳು ಏಳಬಾರದು. ಮುದಿ ಕುದುರೆ ಹುಲ್ಲನ್ನು ಉಂಡೆ ಮಾಡಿ ಉಗುಳಿದರೆ ಡಾಕ್ಟರಿಂದ ಹಲ್ಲನ್ನು ಅರದಲ್ಲಿ ಉಜ್ಜಿಸಿ, ಹುಲ್ಲು ಸಣ್ಣಗೆ ಕತ್ತರಿಸಿ ನೆನೆಸಿ ಕೊಡಿ. ನೋಡಿ, ಅಲ್ಲೂ ಹುಲ್ಲೇ. ಬೂಸಾ ದಿನಾ ಹಾಕಿದರೆ ರಂಜಕ, ಅಂದರೆ ಫಾಸ್ಫರಸ್, ಏರಿ, ಸುಣ್ಣದ ಅಂಶ ಮೂಳೆಯಿಂದ ಕರಗಿ ಕುದುರೆಯ ಮುಖದ ಮೂಳೆ ಊದುತ್ತದೆ. ಹೊಸ ಮೇವು ಯಾವುದೇ ಇರಲಿ, ಹತ್ತು ದಿನದಲ್ಲಿ ನಿಧಾನವಾಗಿ ಬದಲಿಸಿ. ಬೂಷ್ಟು ಹಿಡಿದ ಮೆಕ್ಕೆಜೋಳ ಬೇಡ. ಟೊಮೆಟೊ ಗಿಡ, ಎಲೆ ಬೇಡ. ರೇಟು ಬಿದ್ದಾಗ ಗಿಡ ಸಮೇತ ತಂದು ಹಾಕುವವರಿದ್ದಾರೆ ನಮ್ಮ ಕಡೆ.

ಕೊನೆಯದು, ಇದನ್ನು ಬರೆದುಕೊಳ್ಳಿ. ಕೋಳಿ ಆಹಾರದಲ್ಲಿ, ಕೆಲವು ಹಸುವಿನ ಹಿಂಡಿಯಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ಅಳತೆಯಲ್ಲಿದ್ದರೆ ಹಸುವಿಗೆ ಅದರಿಂದ ತೊಂದರೆಯಿಲ್ಲ. ಕುದುರೆಗೆ ಸ್ವಲ್ಪ ಹೋದರೂ ಹೃದಯ ಕೆಡುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. ಕೊಟ್ಟಿಗೆಯಲ್ಲಿ ಹಸುವಿನ ಚೀಲವೂ ಕುದುರೆಯ ಮೇವೂ ಒಟ್ಟಿಗೆ ಇಟ್ಟಿದ್ದರೆ ಇವತ್ತೇ ಬೇರೆ ಮಾಡಿ. ನಾಳೆ ಅನ್ನಬೇಡಿ.

ನಮಸ್ಕಾರ.