ಬೋರ್ಡಿನ ಮುಂದೆ 45 ನಿಮಿಷ

ಕೇಳುಗರಿಗೆ ನಮಸ್ಕಾರ.

ದೊಡ್ಡ ಕಂಪನಿಯೊಂದರ ಸಂದರ್ಶನಕ್ಕೆ ನಾನು ಮೊದಲ ಸಲ ಹೋದದ್ದು ಬೆಂಗಳೂರಿನ ಔಟರ್ ರಿಂಗ್ ರಸ್ತೆಯ ಗಾಜಿನ ಕಟ್ಟಡಕ್ಕೆ. ಯಾವ ಕಂಪನಿ ಅನ್ನುವುದು ಬೇಡ ಬಿಡಿ, ಅವರ ತಪ್ಪೇನೂ ಇರಲಿಲ್ಲ. ಕೈಗೆ ಮಾರ್ಕರ್ ಕೊಟ್ಟರು, ಎದುರಿಗೆ ಬಿಳಿ ಬೋರ್ಡು. ಪ್ರಶ್ನೆಯೂ ಸುಲಭದ್ದೇ. ಅಕಾರಾದಿಯಾಗಿ ಜೋಡಿಸಿದ ಹೆಸರುಗಳ ಪಟ್ಟಿಯಿದೆ, ಅದರಲ್ಲಿ ಒಂದು ಹೆಸರು ಹುಡುಕುವ ಪ್ರೋಗ್ರಾಂ ಬರೆಯಿರಿ.

ನಿಘಂಟಿನಲ್ಲಿ ‘ಮಜ್ಜಿಗೆ’ ಹುಡುಕಬೇಕಾದರೆ ಮೊದಲ ಪುಟದಿಂದ ಓದುತ್ತಾ ಹೋಗುತ್ತೀರಾ? ಇಲ್ಲ, ನಡುವೆ ಎಲ್ಲೋ ತೆರೆಯುತ್ತೀರಿ. ‘ತ’ ಬಂತು ಅನ್ನಿ. ಸರಿ, ಹಿಂದಿನ ಪುಟಗಳ ಗೊಡವೆಯೇ ಬೇಡ. ಉಳಿದರ್ಧದ ನಡುವೆ ಮತ್ತೆ ತೆರೆಯುತ್ತೀರಿ. ಇದೇ ಬೈನರಿ ಸರ್ಚ್. ಪ್ರತಿ ಸಲ ಅರ್ಧಕ್ಕರ್ಧ ಕೈಬಿಡುವುದರಿಂದ 10 ಲಕ್ಷ ಹೆಸರಿದ್ದರೂ 20 ಸಲ ನೋಡಿದರೆ ಸಾಕು. ನನಗಂತೂ ಬಾಯಿಪಾಠ. ಬೋರ್ಡಿಗೆ ತಿರುಗಿ, ತುಟಿ ಬಿಚ್ಚದೆ 15 ಸಾಲು ಗೀಚಿ, ಮಾರ್ಕರಿಗೆ ಮುಚ್ಚಳ ಹಾಕಿ ನಿಂತೆ.

ಅವರು ಕೇಳಿದರು: “ಪಟ್ಟಿ ತುಂಬಾ ತುಂಬಾ ದೊಡ್ಡದಾದರೆ ಇದು ನಡೆಯುತ್ತಾ?” “ಯೆಸ್ ಸರ್” ಅಂದೆ. “ಇನ್ನೊಂದ್ಸಲ ನೋಡಿ” ಅಂದರು. ನೋಡಿದೆ. ತಲೆಯೊಳಗೆ ಯೋಚನೆ ಓಡುತ್ತಿದ್ದುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ತಿರುಗಿಸಿ, ವ್ಯಾಕರಣ ಸರಿಮಾಡಿಕೊಂಡು, ಆಮೇಲೆ ಬಾಯಿ ತೆಗೆಯೋಣ ಅನ್ನುವಷ್ಟರಲ್ಲಿ ಹೊತ್ತು ಮುಗಿಯಿತು. ವಾರ ಬಿಟ್ಟು ಎರಡು ಸಾಲಿನ ಮೇಲ್ ಬಂತು. ಏನಿತ್ತು ಅಂತ ಹೇಳಬೇಕಿಲ್ಲ.

ಎಡವಿದ್ದು ಒಂದೇ ಸಾಲಿನಲ್ಲಿ. ನಡುವಿನ ಜಾಗ ತಿಳಿಯಲು ಮೊದಲ ಸ್ಥಾನ, ಕೊನೆಯ ಸ್ಥಾನ ಎರಡನ್ನೂ ಕೂಡಿಸಿ ಅರ್ಧ ಮಾಡಿದ್ದೆ. ಶಾಲೆಯ ಲೆಕ್ಕಕ್ಕೆ ಅದು ಸರಿಯೇ. ಆದರೆ ನಾನು ಪ್ರೋಗ್ರಾಂ ಬರೆದ ಜಾವಾ ಭಾಷೆಯಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ ಒಂದು ಮಿತಿಯಿದೆ: 214 ಕೋಟಿ ಚಿಲ್ಲರೆ. ಕೂಡಿಸಿದ ಮೊತ್ತ ಅದನ್ನು ದಾಟಿತೋ, ಸಂಖ್ಯೆ ಮಗುಚಿಕೊಂಡು ಮೈನಸ್ಸಿಗೆ ಹೋಗುತ್ತದೆ. ಪುಸ್ತಕದ ನಡುಪುಟ ತೆರೆಯಲು ಹೋದವನ ಕೈ ಮೇಜಿನ ಕೆಳಗೆ ಬಿದ್ದ ಹಾಗೆ. ಕೊನೆಯದರಲ್ಲಿ ಮೊದಲಿನದನ್ನು ಕಳೆದು, ಅರ್ಧ ಮಾಡಿ, ಅದನ್ನು ಮೊದಲಿನದಕ್ಕೆ ಸೇರಿಸಿದ್ದರೆ ಸಾಕಿತ್ತು.

ಆಮೇಲೆ ತಿಳಿದ ಸಂಗತಿ ಕೇಳಿ. ಇದೇ ತಪ್ಪು ಜಾವಾದ ಜೊತೆಗೇ ಬರುವ ಸಿದ್ಧ ಪ್ರೋಗ್ರಾಮಿನಲ್ಲಿ ಸುಮಾರು 9 ವರ್ಷ ಅಡಗಿ ಕೂತಿತ್ತಂತೆ! ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಸಂಕೋಚವಿಲ್ಲದೆ ಬರೆದು ಹೇಳಿಕೊಂಡರು. ಓದಿ ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ.

ಈಗ ನಾನು ಮೇಜಿನ ಆಚೆ ಕಡೆ ಕೂರುತ್ತೇನೆ. ಬೋರ್ಡು ಹೋಗಿ ಕಂಪ್ಯೂಟರ್ ಪರದೆ ಬಂದಿದೆ, 45 ನಿಮಿಷ ಹಾಗೇ ಇದೆ. ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತದೆ ಅನ್ನುವಂಥ ಒಗಟುಗಳ ಕಾಲ ಮುಗಿಯಿತು. ಅವುಗಳಿಂದ ಪೂರ್ತಿ ಕಾಲಹರಣ ಅಂತ ಗೂಗಲ್‌ನಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೋ ಬಾಕ್ 2013ರಲ್ಲೇ ಹೇಳಿಬಿಟ್ಟರು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಇಂಥ ಎಷ್ಟೋ ಕಂಪನಿಗಳಲ್ಲಿ ಪ್ರಶ್ನೆ ಕೇಳಿದವರು ಒಬ್ಬರೇ ಕೆಲಸ ಕೊಡುವುದಿಲ್ಲ. ನಾವು ಟಿಪ್ಪಣಿ ಬರೆಯುತ್ತೇವೆ, ಅದನ್ನು ಮುಂದಿಟ್ಟುಕೊಂಡು ಬೇರೆಯವರೂ ಕೂತು ತೀರ್ಮಾನಿಸುತ್ತಾರೆ. ಅಭ್ಯರ್ಥಿಯ ಮುಖವನ್ನೇ ನೋಡಿರದವರೂ ಅವರಲ್ಲಿ ಇರಬಹುದು. ನಿಮ್ಮ ತಲೆಯಲ್ಲಿ ಓಡಿದ್ದು ಬಾಯಿಗೆ ಬರದಿದ್ದರೆ ನನ್ನ ಟಿಪ್ಪಣಿಗೆ ಎಲ್ಲಿಂದ ಬರಬೇಕು? ನಾನು ಅಂದು ಬರೆದ 15 ಸಾಲಿನ ಜೊತೆ ಅವರಿಗೆ ಬರೆದುಕೊಳ್ಳಲು ಇನ್ನೇನೂ ಸಿಕ್ಕಿರಲಿಲ್ಲ.

ಈಚೆಗೆ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಅದೇ ಪ್ರಶ್ನೆ ಕೊಟ್ಟೆ. ಎರಡು ನಿಮಿಷ, ಮೂರು ನಿಮಿಷ, ಮಾತೇ ಇಲ್ಲ. ತುಟಿ ಮಾತ್ರ ಅಲುಗುತ್ತಿತ್ತು. “ನೋಡಮ್ಮಾ, ತಪ್ಪಾದ್ರೂ ಪರವಾಗಿಲ್ಲ, ಕನ್ನಡದಲ್ಲೇ ಹೇಳು, ಈಗ ಏನು ಯೋಚನೆ ಮಾಡ್ತಿದ್ದೀಯ?” ಅಂದೆ. ಮಾಮೂಲಿ ಪ್ರಕಾರ ಹಾಗೆ ಕೇಳುವುದಿಲ್ಲ, ಆದರೂ ಕೇಳಿದೆ.

ಅವಳು ಪರದೆಯಿಂದ ಕಣ್ಣು ತೆಗೆಯದೆ, “ಅಲ್ಲ ಸರ್, ಪಟ್ಟೀಲಿ ಒಂದು ಹೆಸ್ರೂ ಇಲ್ದೇ ಹೋದ್ರೆ ನಡು ಎಲ್ಲಿಂದ ಬರುತ್ತೆ?” ಅಂದಳು.

ಅವತ್ತಿನ ನನ್ನ ಟಿಪ್ಪಣಿ ಎರಡು ಪುಟ ದಾಟಿತು. ನಮಸ್ಕಾರ.