ಸ್ಕಾಟ್ಲೆಂಡಿಗೆ ಕಾರಣ ಸಿಕ್ಕಿತು, ದಾರಿ ಕಿರಿದಾಯಿತು

ಅಧ್ಯಕ್ಷರೇ, ಹಿರಿಯರೇ, ಗೆಳೆಯರೇ,

2024ರ ಅಕ್ಟೋಬರಿನಲ್ಲಿ, ಸ್ಕಾಟ್ಲೆಂಡಿನ ಸರ್ಕಾರದ ಮುಖ್ಯಸ್ಥರಾಗಿದ್ದ ಅಲೆಕ್ಸ್ ಸಾಲ್ಮಂಡ್ ತೀರಿಕೊಂಡರು. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಜನರ ಮುಂದೆ ‘ಬೇರೆ ದೇಶವಾಗೋಣವೇ?’ ಎಂಬ ಪ್ರಶ್ನೆ ಇಟ್ಟು, 55–45ರಲ್ಲಿ ಸೋತು, ಮರುದಿನವೇ ಅಧಿಕಾರ ಬಿಡುತ್ತೇನೆ ಎಂದ ಮನುಷ್ಯ. ಈ ಉಪನ್ಯಾಸಕ್ಕೆ ಕರೆಯಲು ಬಂದ ಕಾರ್ಯದರ್ಶಿಗಳು, ‘ಆ ಕಥೆ ಮುಗೀತಲ್ಲ ಸಾರ್, 2024ರ ಜುಲೈ ಚುನಾವಣೇಲಿ ಅವರ ಹಳೇ ಪಕ್ಷ, ಆ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, 48 ಸೀಟಿನಿಂದ 9ಕ್ಕೆ ಇಳೀತಲ್ಲ’ ಅಂದರು. ಪಕ್ಷ ಮಣ್ಣುಮುಕ್ಕಿದ್ದು ನಿಜ. ಆದರೆ ಸಮೀಕ್ಷೆಗಳಲ್ಲಿ ಇವತ್ತಿಗೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಬೇರೆಯಾಗೋಣ ಅನ್ನುತ್ತಾರೆ. ಹಾಗಾಗಿ ಮುಗೀತು ಅನ್ನುವವರ ಜೊತೆ ನನಗೆ ಜಗಳವಿದೆ. ಬ್ರೆಕ್ಸಿಟ್ ಆಯಿತು, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿತು, ಇನ್ನು ಸ್ವಾತಂತ್ರ್ಯ ಬಂದ ಹಾಗೇ ಅಂದವರ ಜೊತೆಗೂ ಇದೆ.

2016ರ ಜೂನ್ 23ರ ಬ್ರೆಕ್ಸಿಟ್ ಜನಮತಗಣನೆಯ ಅಂಕಿಗಳನ್ನು ನೋಡಿ. ಇಡೀ ಬ್ರಿಟನ್ನಿನ ಲೆಕ್ಕದಲ್ಲಿ 52–48, ಯುರೋಪಿಯನ್ ಒಕ್ಕೂಟ ಬಿಡೋಣ. ಸ್ಕಾಟ್ಲೆಂಡಿನ ಲೆಕ್ಕದಲ್ಲಿ 62–38, ಉಳಿಯೋಣ. ಅಲ್ಲಿನ 32 ಸ್ಥಳೀಯ ಆಡಳಿತಗಳ ಪೈಕಿ ಒಂದು ಕಡೆಯೂ ‘ಬಿಡೋಣ’ ಗೆಲ್ಲಲಿಲ್ಲ. ಮೊರೇ ಎಂಬಲ್ಲಿ ಕತ್ತಿನ ತನಕ ಬಂದಿತ್ತು. ಅಲ್ಲೂ 122 ವೋಟಿನಲ್ಲಿ ‘ಉಳಿಯೋಣ’ವೇ ಗೆದ್ದಿತು. 2014ರಲ್ಲಿ ಇದೇ ಜನರನ್ನು ಏನೆಂದು ಹೆದರಿಸಿದ್ದರು? ಬ್ರಿಟನ್ ಬಿಟ್ಟರೆ ಯುರೋಪು ಕೈತಪ್ಪುತ್ತದೆ, ಹುಷಾರು ಅಂತ. ಪಾಪ, ಮಾತು ಕೇಳಿ ಉಳಿದುಕೊಂಡರು. ಉಳಿದುಕೊಂಡದ್ದಕ್ಕೇ ಕೈತಪ್ಪಿತು!

ನನ್ನ ಹಳೇ ವಾದ ನಿಮ್ಮಲ್ಲಿ ಕೆಲವರಿಗೆ ಗೊತ್ತು: ಬಹುಮತ ಯಾರದ್ದು ಅಂತ ಕೇಳುವುದಕ್ಕೆ ಮೊದಲು, ಎಣಿಸಿದ್ದು ಯಾರ ತಲೆಗಳನ್ನು ಅಂತ ಕೇಳಿ. ನಮ್ಮ ಮೈಸೂರಿನ ಹುಡುಗಿಯೊಬ್ಬಳು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಳು ಅಂತಿಟ್ಟುಕೊಳ್ಳಿ. ಕೈಯಲ್ಲಿ ಭಾರತದ ಪಾಸ್‌ಪೋರ್ಟು. ಪಕ್ಕದ ಮನೆಯಲ್ಲಿ ಪೋಲೆಂಡಿನವನು, ಇವಳಿಗಿಂತ ಮೊದಲೇ ಬಂದು ನೆಲೆಸಿದವನು. 2014ರಲ್ಲಿ ಇಬ್ಬರಿಗೂ ವೋಟಿತ್ತು. 2016ರಲ್ಲಿ ಇವಳಿಗೆ ಇತ್ತು, ಅವನಿಗೆ ಇರಲಿಲ್ಲ. ಯಾಕೆ? ಭಾರತ ಕಾಮನ್‌ವೆಲ್ತಿನಲ್ಲಿದೆ! ಬ್ರಿಟನ್ ಯುರೋಪಿನಲ್ಲಿ ಇರಬೇಕೇ ಬೇಡವೇ ಅಂತ ಮೈಸೂರಿನವಳು ಹೇಳಬಹುದು, ಯುರೋಪಿನವನು ಹೇಳುವ ಹಾಗಿಲ್ಲ. ಹದಿನಾರು ವರ್ಷದ ಮಕ್ಕಳಿಗೂ ಹಾಗೇ, 2014ರಲ್ಲಿ ಇದ್ದ ವೋಟು 2016ರಲ್ಲಿ ಇರಲಿಲ್ಲ.

ತಲೆ ಎಣಿಸುವ ಮಾತು ಬಂದಮೇಲೆ 1979ರದ್ದನ್ನು ಹೇಳದೆ ಮುಂದೆ ಹೋಗಲಾರೆ. ಅದು ಸ್ವಾತಂತ್ರ್ಯದ ಪ್ರಶ್ನೆಯಲ್ಲ. ಎಡಿನ್‌ಬರೋದಲ್ಲಿ ಒಂದು ವಿಧಾನಸಭೆ ಬೇಕೇ ಅನ್ನುವಷ್ಟೇ ಪ್ರಶ್ನೆ. ಜಾರ್ಜ್ ಕನ್ನಿಂಗ್‌ಹ್ಯಾಮ್ ಎಂಬ ಸಂಸದರು, ಸ್ವತಃ ಸ್ಕಾಟ್ಲೆಂಡಿನವರು, ಗೆದ್ದುಬಂದದ್ದು ಲಂಡನ್ನಿನಿಂದ, ಒಂದು ತಿದ್ದುಪಡಿ ಸೇರಿಸಿದರು: ‘ಹೌದು’ ಗೆದ್ದರೆ ಸಾಲದು, ಮತದಾರರ ಪಟ್ಟಿಯಲ್ಲಿರುವ ಒಟ್ಟು ಜನರಲ್ಲಿ ಶೇ. 40 ದಾಟಬೇಕು. ಮಾರ್ಚ್ 1ರಂದು ಮತದಾನ. ಹೌದು ಅಂದವರು 12.3 ಲಕ್ಷ, ಇಲ್ಲ ಅಂದವರು 11.5 ಲಕ್ಷ. ಹೌದು ಗೆದ್ದಿತು! ಆದರೆ ಪಟ್ಟಿಯ ಲೆಕ್ಕದಲ್ಲಿ ಅದು ಶೇ. 32.9 ಮಾತ್ರ. ವೋಟು ಹಾಕದೆ ಮನೆಯಲ್ಲಿ ಕೂತವರೆಲ್ಲ ‘ಇಲ್ಲ’ದ ಕಡೆ. ನಮ್ಮಲ್ಲಿ ಸತ್ತವರು ಬಂದು ವೋಟು ಹಾಕಿಹೋಗುತ್ತಾರೆ. ಅಲ್ಲಿ ಬದುಕಿದ್ದವರು ಬರದೇ ಗೆಲ್ಲಿಸಿದರು.

ಅಷ್ಟಕ್ಕೇ ನಿಲ್ಲಲಿಲ್ಲ ಕೇಳಿ. ಸಿಟ್ಟಿಗೆದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯವರು ಲೇಬರ್ ಪ್ರಧಾನಿ ಕ್ಯಾಲಹನ್ ಸರ್ಕಾರದ ಮೇಲೆ ಅವಿಶ್ವಾಸ ಮಂಡಿಸಿದರು, ವಿರೋಧ ಪಕ್ಷದ ನಾಯಕಿ ಥ್ಯಾಚರ್ ಹಿಂದೆಯೇ ತಮ್ಮದೂ ತಂದರು. ಹಬ್ಬದೂಟಕ್ಕೆ ಕೊಯ್ಯುವ ಟರ್ಕಿ ಕೋಳಿಗಳೇ ಕ್ರಿಸ್‌ಮಸ್ ಬೇಗ ಬರಲಿ ಅಂತ ವೋಟು ಹಾಕುತ್ತಿವೆ ಎಂದು ಕ್ಯಾಲಹನ್ ನಗೆಯಾಡಿದರು. ಕಾಯಿಲೆ ಬಿದ್ದಿದ್ದ ತಮ್ಮ ಸದಸ್ಯರೊಬ್ಬರನ್ನು ಆಂಬುಲೆನ್ಸಿನಲ್ಲಿ ಕರೆತರುವ ಮಾತು ಬಂದಾಗ ಕ್ಯಾಲಹನ್ ಅವರೇ ಬೇಡ ಅಂದರು. 311–310. ಒಂದೇ ವೋಟಿನಲ್ಲಿ ಸರ್ಕಾರ ಬಿತ್ತು. ಆಮೇಲೆ ಬಂದದ್ದು ಥ್ಯಾಚರ್, ಹದಿನೆಂಟು ವರ್ಷ ಕನ್ಸರ್ವೇಟಿವ್ ಆಳ್ವಿಕೆ. ನ್ಯಾಷನಲ್ ಪಾರ್ಟಿಯವರು 11ರಿಂದ 2ಕ್ಕೆ ಇಳಿದರು. ಕೋಳಿಯ ಮಾತು ನಿಜವಾಯಿತು! ಆದರೂ ಆ ಪಕ್ಷ ಸಾಯಲಿಲ್ಲ. ಕಾರ್ಯದರ್ಶಿಗಳೇ, 9 ಅನ್ನುವುದು 2ಕ್ಕಿಂತ ದೊಡ್ಡದೇ ಅಲ್ಲವೇ?

ಅಧ್ಯಕ್ಷರಿಂದ ಚೀಟಿ ಬಂತು. ಹತ್ತು ನಿಮಿಷ ಅಂತಿದೆ, ಐದು ಅಂತಲೂ ಓದಬಹುದು. ಕರೆನ್ಸಿಯ ವಿಷಯ, ಉತ್ತರ ಸಮುದ್ರದ ಎಣ್ಣೆಯ ವಿಷಯ ಬಿಡುತ್ತೇನೆ. ಸ್ವಾತಂತ್ರ್ಯದ ಪರದವರದ್ದು ಎಣ್ಣೆ ಬ್ಯಾರೆಲಿಗೆ ನೂರು ಡಾಲರ್ ದಾಟಿದ್ದಾಗ ಹಾಕಿದ ಲೆಕ್ಕ, 2016ರ ಆರಂಭಕ್ಕೆ ಬೆಲೆ ಮೂವತ್ತಕ್ಕಿಂತ ಕೆಳಗೆ ಬಂದಿತ್ತು. ಅಷ್ಟು ಸಾಕು.

ದಾರಿ ಕಿರಿದಾಯಿತು ಅಂದೆನಲ್ಲ, ಅದನ್ನು ಹೇಳಿಬಿಡುತ್ತೇನೆ. ಇದನ್ನು ಅಣ್ಣತಮ್ಮಂದಿರ ಪಾಲಿನ ಜಗಳ ಅನ್ನುವವರಿದ್ದಾರೆ. ನಮ್ಮಲ್ಲಿ ತಮ್ಮನಿಗೆ ಪಾಲು ಕೇಳಿ ಕೋರ್ಟಿಗೆ ಹೋಗುವ ಹಕ್ಕಾದರೂ ಇದೆ. ಸ್ಕಾಟ್ಲೆಂಡ್ ಕೋರ್ಟಿಗೆ ಹೋದದ್ದು, ಕೇಳುವುದಕ್ಕೆ ಅವಕಾಶವಿದೆಯೇ ಅಂತ ಕೇಳುವುದಕ್ಕೆ. 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಒಮ್ಮತದಿಂದ ಇಲ್ಲ ಅಂದಿತು; ವೆಸ್ಟ್‌ಮಿನ್‌ಸ್ಟರ್ (ಲಂಡನ್ನಿನ ಪಾರ್ಲಿಮೆಂಟು) ಒಪ್ಪದೆ ಸ್ಕಾಟ್ಲೆಂಡಿನವರು ಸ್ವಾತಂತ್ರ್ಯದ ಜನಮತಗಣನೆಗೆ ಕಾನೂನು ಮಾಡುವ ಹಾಗಿಲ್ಲ. 2012ರಲ್ಲಿ ಬ್ರಿಟನ್ನಿನ ಪ್ರಧಾನಿ ಕ್ಯಾಮರೂನ್ ಒಪ್ಪಿ ಸಹಿ ಹಾಕಿದ್ದರು. ಆಮೇಲೆ ಬಂದವರು ಯಾರೂ ಹಾಕಿಲ್ಲ. (ಇದನ್ನು ಕೇಳಿದ ಕೂಡಲೇ ಬೆಳಗಾವಿಗೆ ಜಿಗಿಯಬೇಡಿ. ಅದು ರಾಜ್ಯಗಳ ಗಡಿ, ಇದು ದೇಶದ ಗಡಿ. ಹಿಂದಿನ ಸಾಲಿನವರು ನಗುತ್ತಿದ್ದಾರೆ, ಸಿಕ್ಕಿಬಿದ್ದಿರಿ.)

ಕೋರ್ಟಿಗಿಂತ ದೊಡ್ಡ ತೊಡಕು ಗಡಿ. 2014ರಲ್ಲಿ ಎರಡೂ ಯುರೋಪಿಯನ್ ಒಕ್ಕೂಟದೊಳಗೇ ಇರುತ್ತವೆ ಎಂಬ ಲೆಕ್ಕವಿತ್ತು, ಹಾಗಾದರೆ ನಡುವೆ ಸುಂಕದ ಕಟ್ಟೆ ಬೇಕಿಲ್ಲ. ಈಗ ಸ್ಕಾಟ್ಲೆಂಡ್ ಬೇರೆಯಾಗಿ ಒಕ್ಕೂಟ ಸೇರಿತು ಅನ್ನಿ, ಒಕ್ಕೂಟದ ಹೊರಗಡಿ ಇಂಗ್ಲೆಂಡಿನ ಅಂಚಿನ ಗ್ರೆಟ್ನಾ ಊರಲ್ಲಿ ಬಂದು ನಿಲ್ಲುತ್ತದೆ. ಇಂಗ್ಲೆಂಡಿನ ಪ್ರೇಮಿಗಳು ಓಡಿಬಂದು ಕಮ್ಮಾರನ ಅಡಿಗಲ್ಲಿನ ಮುಂದೆ ಮದುವೆಯಾಗುತ್ತಿದ್ದ ಗ್ರೆಟ್ನಾ. ಸ್ಕಾಟ್ಲೆಂಡ್ ಹೊರಗೆ ಮಾರುವುದರಲ್ಲಿ ಸುಮಾರು ಶೇ. 60 ಹೋಗುವುದು ಬ್ರಿಟನ್ನಿನ ಉಳಿದ ಭಾಗಕ್ಕೇ. 2021ರ ಜನವರಿಯಲ್ಲಿ, ಬರೀ ಬ್ರೆಕ್ಸಿಟ್ಟಿನ ಕಾಗದಪತ್ರಗಳಿಗೇ ಸೋತ ಸ್ಕಾಟಿಷ್ ಮೀನು ವ್ಯಾಪಾರಿಗಳು ಲಾರಿಗಳನ್ನು ಲಂಡನ್ನಿಗೆ ತಂದು ಪಾರ್ಲಿಮೆಂಟಿನ ಹತ್ತಿರ ಪ್ರತಿಭಟಿಸಿದರು. ಅದೇ ಕಾಗದಪತ್ರ ಇಂಗ್ಲೆಂಡಿನ ಕಡೆಯ ಗಡಿಯಲ್ಲಿ ಬಂದರೆ ಆ ವ್ಯಾಪಾರಿ ಯಾವ ಕಡೆ ವೋಟು ಹಾಕುತ್ತಾನೆ? ಸ್ವಾತಂತ್ರ್ಯದ ಪರ ಮಾತಾಡುವವರು ಮೊದಲು ಉತ್ತರ ಕೊಡಬೇಕಾದದ್ದು ಅವನಿಗೆ, ಲಂಡನ್ನಿಗಲ್ಲ. ಇಲ್ಲಿಯವರೆಗೆ ಸಮಾಧಾನವಾಗುವ ಉತ್ತರವನ್ನು ನಾನು ಕೇಳಿಲ್ಲ.

ಇನ್ನೊಂದು ಚೀಟಿ. ಇದರಲ್ಲಿ ನಿಮಿಷವೇ ಇಲ್ಲ, ‘ಕಾಫಿ’ ಅಂತಿದೆ. ಕರೆನ್ಸಿಯ ಬಗ್ಗೆ ಕೇಳುವವರು ಅಲ್ಲೇ ಹಿಡಿದುಕೊಳ್ಳಿ. ನಮಸ್ಕಾರ.